ಡ್ರಾಯಿಂಗ್ ಮೇಷ್ಟ್ರ ಸೂಜಿಚಿಟ್ಟೆ

ಅವರ ಕಾಲ್ಬೆರಳುಗಳು ವರ್ಷವಿಡೀ ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಹೊಸನಗರದ ಕಡೆಯ ನಮ್ಮ ಶಾಲೆಯಲ್ಲಿ ಅವರು ಡ್ರಾಯಿಂಗ್ ಮೇಷ್ಟ್ರು, ನಾನು ಹೊಸದಾಗಿ ಸೇರಿದ ಟೀಚರು. ಸಂಜೆ ಗಂಟೆ ಬಾರಿಸಿದ್ದೇ ತಡ, ಪಂಚೆ ಎತ್ತಿ ಕಟ್ಟಿ ಶಾಲೆಯ ಹಿಂದಿನ ಹಳ್ಳಕ್ಕೆ ಇಳಿಯುತ್ತಿದ್ದರು. ಅಲ್ಲಿನ ಸೂಜಿಚಿಟ್ಟೆಯ ಚಿತ್ರ ಬರೆಯುವುದೇ ಅವರ ಹುಚ್ಚು. ಏರೋಪ್ಲೇನ್ ಚಿಟ್ಟೆಯ ಜಾತಿಯದೇ, ಆದರೆ ಇನ್ನೂ ತೆಳ್ಳಗೆ, ಕೆಂಪು ಬೆನ್ನು. ಕಲ್ಲಿನ ಮೇಲೆ ಕೂತಾಗ ರೆಕ್ಕೆ ಮಡಚಿಕೊಳ್ಳುತ್ತದೆ. "ಇದು ಹರಿಯೋ ನೀರಿನ ಜೀವ, ಟೀಚರಮ್ಮ. ನೀರು ನಿಂತ್ರೆ ಇದರ ಕಥೆ ಮುಗೀತು" ಅನ್ನುತ್ತಿದ್ದರು.

ಅರವತ್ತರ ದಶಕದಲ್ಲಿ ಶರಾವತಿಯ ಅಣೆಕಟ್ಟಿನ ನೀರು ಏರುತ್ತ ಬಂತು. ಊರಿಗೆ ಊರೇ ಗಾಡಿಗೆ ಸಾಮಾನು ಹೇರುತ್ತಿತ್ತು. ಮೇಷ್ಟ್ರು ದಿನಾ ದಡದಲ್ಲಿ ಕೋಲು ನೆಡುವುದು, ಮರುದಿನ ಅದು ಮುಳುಗಿದ್ದು ಕಂಡು ತಲೆ ಮೇಲೆ ಕೈ ಹೊತ್ತು ಕೂರುವುದು.

"ಜನಕ್ಕೇ ನೆಲೆ ಇಲ್ಲ, ಇವ್ರಿಗೆ ಹುಳದ ಚಿಂತೆ" ಎಂದು ಹೆಡ್‌ಮಾಸ್ತರರು ನಕ್ಕರು. ನಾನೂ ನಕ್ಕಿದ್ದೆ. ಆದರೆ ಮೇಷ್ಟ್ರ ಮುಖ ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ.

ಕೊನೆಯ ಭಾನುವಾರ ಅವರು, ರೆಕ್ಕೆ ಮೂಡುವ ತನಕ ನೀರೊಳಗೇ ಬೆಳೆಯುವ ಸೂಜಿಚಿಟ್ಟೆಯ ಮರಿಗಳನ್ನು ಹಳ್ಳದ ಕಲ್ಲಿನಡಿಯಿಂದ ಹಿಡಿದು, ತೀರ್ಥಹಳ್ಳಿ ಕಡೆಯ ಮುಳುಗದ ಹಳ್ಳವೊಂದಕ್ಕೆ ಬಿಡಲು ಹೊರಟರು. ಕೈಯಲ್ಲಿ ಮಣ್ಣಿನ ಮಡಕೆ.

"ಬಸ್ಸಲ್ಲಿ ಒಡೆದುಹೋಗುತ್ತೆ, ಮೇಷ್ಟ್ರೇ" ಎಂದು ತವರಿನಿಂದ ತಂದ ತಾಮ್ರದ ಕೊಡವನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ ಕೊಟ್ಟೆ. ದೇವರ ತೀರ್ಥವನ್ನೂ ತಾಮ್ರದಲ್ಲೇ ಇಡುತ್ತೇವಲ್ಲ! ಜೊತೆಗೆ ನಾನೂ ಹೋದೆ.

ಅಲ್ಲಿ ಕೊಡ ಬಗ್ಗಿಸಿದರೆ ಒಂದು ಮರಿಯೂ ಅಲುಗಲಿಲ್ಲ. ಮೇಷ್ಟ್ರು ಒಂದೊಂದನ್ನೇ ಅಂಗೈಯಲ್ಲಿಟ್ಟು ಹರಿಯುವ ನೀರಿಗೆ ಹಿಡಿದರು. "ಏಳ್ರೋ, ನೀರು ಬಂತು, ಏಳ್ರೋ" ಎಂದರು. ಐವತ್ತು ದಾಟಿದ ಮನುಷ್ಯ ನನ್ನೆದುರೇ ಅತ್ತುಬಿಟ್ಟರು.

"ಯಾಕೆ ಹೀಗಾಯ್ತು?" ಎಂದೆ.

"ಬಸ್ಸಿನ ಸೆಕೆ ಕಣಮ್ಮ."

ಮುಂದಿನ ಭಾನುವಾರಕ್ಕೆ ನಮ್ಮ ಹಳ್ಳವೇ ಇರಲಿಲ್ಲ. ಮೇಷ್ಟ್ರು ಆ ಚಿಟ್ಟೆಯನ್ನು ಮತ್ತೆ ಬರೆಯಲಿಲ್ಲ. ಆಮೇಲೆ ಇಬ್ಬರಿಗೂ ಸಾಗರಕ್ಕೆ ವರ್ಗವಾಯಿತು. ಯಾವಾಗ ಕೇಳಿದರೂ ಅದೇ ಉತ್ತರ, ಬಸ್ಸಿನ ಸೆಕೆ.

ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಚಿತ್ರದ ಪುಸ್ತಕವನ್ನು ನನ್ನ ಕೈಗಿಟ್ಟರು. ಕೊನೆಯ ಸೂಜಿಚಿಟ್ಟೆಯ ಕೆಳಗೆ ಪೆನ್ಸಿಲಿನಲ್ಲಿ ಬರೆದಿತ್ತು: "ಕಾಲೇಜಿನವರನ್ನು ಕೇಳಿದೆ. ತಿಕ್ಕಿದ ತಾಮ್ರ ಈ ಮರಿಗಳಿಗೆ ವಿಷವಂತೆ. ಟೀಚರಮ್ಮನಿಗೆ ತಿಳಿಯಬಾರದು."

ಕೊಂದವಳು ನಾನು. ಅದು ಗೊತ್ತಿದ್ದೂ ಅವರು ಸಾಯುವ ತನಕ ನಮ್ಮ ಮನೆಗೆ ಬಂದಾಗಲೆಲ್ಲ ಅದೇ ಕೊಡದ ನೀರನ್ನು ಕೇಳಿ ಕುಡಿಯುತ್ತಿದ್ದರು.