ಸಾರಥಿ ಇಲ್ಲದ ಆಟ

ಕಳೆದ ವರ್ಷ ದೀಪಾವಳಿ ಮುಗಿದ ಮೊದಲ ಭಾನುವಾರ. ಮಂಡ್ಯದ ರಂಗಮಂದಿರದಲ್ಲಿ ಸಂಜೆ ಐದಕ್ಕೆ ನಮ್ಮ ನಾಟಕ. ಮದ್ದೂರಿನ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿರುವ ನಾನು ಅಂದು ಯಮನಾಗಿದ್ದೆ. ನಂಬಿ, ಊಟದ ತಟ್ಟೆಯ ಮುಂದೆಯೂ ಪದ ಒಪ್ಪಿಸುತ್ತ ಕೂತಿದ್ದೆ!

ಅದು ನಮ್ಮ ಕಡೆಯ ಮೂಡಲಪಾಯ ಬಯಲಾಟದವರು ತಲೆತಲಾಂತರದಿಂದ ಆಡುತ್ತಿದ್ದ ಭಕ್ತಿಪ್ರಸಂಗ. ಶಿವಭಕ್ತೆಯೊಬ್ಬಳ ಪ್ರಾಣ ಒಯ್ಯಲು ಬಂದ ಯಮ ಅವಳ ಮುಂದೆ ಸೋತು ಹಿಂದಿರುಗುವ ಕಥೆ. ಬೆಳಗಿನವರೆಗೆ ನಡೆಯುವ ಆಟವನ್ನು ನಾವು ಹವ್ಯಾಸಿಗಳು ಒಂದೂವರೆ ಗಂಟೆಗೆ ಇಳಿಸಿದ್ದೆವು. ಕಿರೀಟ ತೆಗೆದು ಯಮನಿಗೆ ಬಿಳಿ ಅಂಗಿ ತೊಡಿಸಿದೆವು. ಭಕ್ತೆ ಆಸ್ಪತ್ರೆಯ ನರ್ಸ್ ಆದಳು. ಹಾಡುವ ಪದಗಳನ್ನು ಮಾತ್ರ ಮುಟ್ಟಲಿಲ್ಲ.

ಪದ ಕಲಿಸಿದವರು ಚಿಕ್ಕರಸಿನಕೆರೆಯ ನಮ್ಮ ದೊಡ್ಡಪ್ಪ. ನಲವತ್ತು ವರ್ಷ ಆ ಆಟದಲ್ಲಿ ಸಾರಥಿಯಾಗಿದ್ದವರು. ದೇವರೇ ಇರಲಿ, ರಾಕ್ಷಸನೇ ಇರಲಿ, ರಂಗಕ್ಕೆ ಬಂದವರನ್ನು ತಡೆದು ‘ಯಾರು ನೀನು, ಯಾವೂರು, ಬಂದದ್ದೇಕೆ?’ ಎಂದು ಕೇಳುವ ಹಾಸ್ಯಗಾರನೇ ಸಾರಥಿ. ಅವನು ಕೇಳಿದ ಮೇಲೇ ಪಾತ್ರ ಬಾಯಿ ಬಿಡಬೇಕು. ಈಗಿನವರಿಗೆ ಇದೆಲ್ಲ ಬರೀ ಎಳೆತ ಎಂದು ಸಾರಥಿಯನ್ನೇ ಕತ್ತರಿಸಿದವಳು ನಾನು.

“ಕೇಳೋರೇ ಇಲ್ದಿದ್ರೆ ಯಮ ಯಾರ್ ಮುಂದೆ ಏಳ್ಕಂಡಾನು ಮಗ, ನಾನು ಯಮ ಅಂತ?” ಎಂದರು ದೊಡ್ಡಪ್ಪ.

“ಪಾಂಪ್ಲೆಟ್‌ನಲ್ಲಿ ಹಾಕ್ಸಿರ್ತೀವಲ್ಲ ದೊಡ್ಡಪ್ಪ” ಎಂದೆ.

“ಆಗ್ಲಿ ಬುಡವ್ವ. ಓದಿರೋರು ನೀವು.”

ಅಷ್ಟೇ. ಆಮೇಲೆ ಅವರು ತಾಲೀಮಿಗೆ ಬರಲೇ ಇಲ್ಲ. ನಾಟಕಕ್ಕಾದರೂ ಬರಲಿ ಎಂದು ನಾನು ದೇವರಿಗೆ ಕೈ ಮುಗಿಯುತ್ತಿದ್ದೆ.

ಬಂದಿದ್ದರು! ಪರದೆಯ ಸಂದಿಯಿಂದ ಇಣುಕಿದರೆ ಎರಡನೇ ಸಾಲಿನಲ್ಲಿ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಮದ್ದಳೆ ಶುರುವಾಯಿತು, ಬೆಳಕು ಬಿತ್ತು, ನಾನು ಹೆಜ್ಜೆ ಹಾಕುತ್ತ ಬಂದು ನಿಂತೆ. ಬಾಯಿ ತೆರೆದೆ. ಒಂದಕ್ಷರವೂ ಬರಲಿಲ್ಲ! ತಿಂಗಳುಗಟ್ಟಲೆ ಮಾಡಿದ ಬಾಯಿಪಾಠ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಮದ್ದಳೆಯವರು ಅದೇ ಬಡಿತವನ್ನು ಮತ್ತೆ ಮತ್ತೆ ಬಾರಿಸಿದರು. ಯಾರೋ ಕೆಮ್ಮಿದರು.

ಆಗ ಎರಡನೇ ಸಾಲಿನಿಂದ ದೊಡ್ಡಪ್ಪನ ಗಟ್ಟಿ ದನಿ: “ಲೇ, ಯಾರ್ಲಾ ನೀನು? ಅಂಗಿ ನೋಡುದ್ರೆ ಡಾಕ್ಟ್ರಂಗಿದ್ದೀಯ! ಯಾವೂರ್ಲಾ? ಯಾಕ್ಲಾ ಬಂದೆ?”

ಸಭೆ ಗೊಳ್ಳೆಂದಿತು. ನನ್ನ ಬಾಯಿ ತಾನಾಗಿ ತೆರೆಯಿತು: “ನಾನು ಯಮ. ದಕ್ಷಿಣ ದಿಕ್ಕಿನವನು. ಒಬ್ಬಳನ್ನು ಕರೆದೊಯ್ಯಲು ಬಂದಿದ್ದೇನೆ.”

ನಗು ಥಟ್ಟನೆ ನಿಂತಿತು. ಪದಗಳು ಒಂದರ ಹಿಂದೊಂದು ಓಡಿಬಂದವು. ಮುಂದಿನ ಪಾತ್ರ ಬಂದಾಗ ಕಾಲೇಜು ಹುಡುಗಿಯರ ಗುಂಪೊಂದು ದೊಡ್ಡಪ್ಪನ ಜೊತೆ ಸೇರಿ “ಯಾರು ನೀನು?” ಎಂದು ಕೂಗಿತು. ಕೊನೆಗೆ ಶಿವ ಬಂದಾಗ ಇಡೀ ಸಭಾಂಗಣವೇ ಎದ್ದು ಕೇಳಿತು. ಅಬ್ಬಾ, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ!

ಮುಗಿದ ಮೇಲೆ ಒಬ್ಬರು ಓಡಿಬಂದು, “ಪ್ರೇಕ್ಷಕರಿಂದಲೇ ಪ್ರಶ್ನೆ ಕೇಳಿಸಿದಿರಲ್ಲ ಮೇಡಂ, ಎಂಥಾ ಹೊಸ ತಂತ್ರ!” ಎಂದರು. ನಾಚಿಕೆಯಿಂದ ತಲೆ ತಗ್ಗಿಸಿದೆ. ಪಕ್ಕದಲ್ಲಿದ್ದ ದೊಡ್ಡಪ್ಪ ಬಾಯಿಗೆ ಟವೆಲ್ ಅಡ್ಡ ಹಿಡಿದು ನಗುತ್ತಿದ್ದರು.

ಅವರ ಕಾಲು ಮುಟ್ಟಿ, “ತಪ್ಪಾಯ್ತು ದೊಡ್ಡಪ್ಪ. ಮಾತೇ ಮರ್ತೋಗಿತ್ತು” ಎಂದೆ.

“ಮರ್ತಿರ್ಲಿಲ್ಲ ಕಣವ್ವ. ಯಾರೂ ಕೇಳಿರ್ಲಿಲ್ಲ, ಅಷ್ಟೇಯ.”

ಆಮೇಲೆ ಮಳವಳ್ಳಿಯಲ್ಲೂ ಆಡಿದೆವು. ಪಾಂಪ್ಲೆಟ್‌ನಲ್ಲಿ ಮೊದಲ ಹೆಸರು ಸಾರಥಿಯದೇ. ಕಚೇರಿಯ ಬಾಗಿಲಲ್ಲಿ ಕಾಗದ ಹಿಡಿದು, ಮಾತು ಬಾರದೆ ಸುಮ್ಮನೆ ನಿಲ್ಲುವವರನ್ನು ಕಂಡರೆ ಈಗ ನಾನೇ ತಲೆ ಎತ್ತಿ ಕೇಳುತ್ತೇನೆ: “ಯಾವೂರವ್ವ? ಏನಾಗ್ಬೇಕಿತ್ತು?”