ಬಡಾಯಿ ಅಜ್ಜನ ಓಟ

ಪ್ರವಾದಿಗಳನ್ನು ಕಣ್ಣಾರೆ ಕಂಡವರಲ್ಲಿ ನಮ್ಮ ಮದೀನಾದ ಓಣಿಗೆ ಉಳಿದವನು ಅಬೂ ಸುಹೈಮ್ ಅಜ್ಜ ಒಬ್ಬನೇ, ಆದರೆ ಬಾಯಿ ಬಿಟ್ಟರೆ ಬರೀ ಬಡಾಯಿ. ಅವನ ತೋಟದ ಖರ್ಜೂರ ಒಂದೊಂದೂ ಅಂಗೈಯಗಲ. ಊರ ರಕ್ಷಣೆಗೆ ಕಂದಕ ತೋಡಿದಾಗ ಅವನೆತ್ತಿದ ಬಂಡೆ ಹೋದ ವರ್ಷ ಮೇಕೆಯಷ್ಟಿತ್ತು, ಈಗ ಒಂಟೆಯಷ್ಟಾಗಿದೆ. "ಬರೋ ವರ್ಷ ಗುಡ್ಡಾನೇ ಆಗತ್ತೆ, ನೋಡ್ತಿರಿ" ಎಂದು ಹೆಂಡತಿಯೇ ನಗುತ್ತಾಳೆ. ಹಿಂದೊಮ್ಮೆ ದೂರದ ಕೂಫಾ ಪಟ್ಟಣದಿಂದ ಒಬ್ಬ, ಪ್ರವಾದಿಗಳ ಒಂದೇ ಒಂದು ಮಾತನ್ನು ಇವನಿಂದ ಕೇಳಲೆಂದು ತಿಂಗಳು ಪ್ರಯಾಣ ಮಾಡಿ ಬಂದಿದ್ದ. ಅದನ್ನು ಹೇಳುವಷ್ಟರಲ್ಲಿ ಅಜ್ಜ ಬೆವತುಹೋದ. ಬಂದವನು ಹೊರಟ ಮೇಲೆ ಅಜ್ಜ ಸುಡುಬಿಸಿಲಲ್ಲಿ ಬರಿಗಾಲಲ್ಲೇ ಅವನ ಒಂಟೆಯ ಹಿಂದೆ ಊರಾಚೆಯವರೆಗೂ ಓಡಿದ. "ನಿಲ್ಲಪ್ಪಾ! ಕೊನೇ ಪದ ನಾನೇ ಸೇರಿಸಿದ್ನೋ ಏನೋ, ಅದನ್ನ ಬಿಟ್ಟು ಹೇಳು!" ಆ ಓಟದ ಬಗ್ಗೆ ಮಾತ್ರ ಅಜ್ಜ ಇವತ್ತಿಗೂ ಬಡಾಯಿ ಕೊಚ್ಚಿಲ್ಲ.