ಅತ್ತೆ, ಅಳಿಯ ಮತ್ತು ಗುಂಡಿಯ ಆಪರೇಷನ್

ನಮ್ಮ ಬೀದಿಯ ಕ್ಷೌರದವನಿಗೆ ಮಾತು ಕಡಿಮೆ. ಆ ಕಸುಬಿಗೆ ಇದೊಂದು ದೊಡ್ಡ ಕೊರತೆಯೇ. ಗಿರಾಕಿಗಳು ಕುರ್ಚಿಗೆ ಒರಗಿ ಜಗತ್ತಿನ ಸುದ್ದಿಯನ್ನೆಲ್ಲ ಬಿಚ್ಚಿದರೂ ಅವನದು "ಹೂಂ", ಬಹಳವೆಂದರೆ "ಹೌದಾ?" ಆದರೂ ಅಂಗಡಿ ನಡೆಯುತ್ತಿತ್ತು, ಏಕೆಂದರೆ ಅವನ ಕೈ ಹಗುರ. ಗಡ್ಡ ಹೆರೆಯುವಾಗ ಅರ್ಧ ಜನ ಅಲ್ಲೇ ನಿದ್ದೆ ಹೋಗುತ್ತಿದ್ದರು. ಕುರ್ಚಿ ಮಾತ್ರ ತೀರಾ ಹಳೆಯದು. ಅದರ ಪಂಪು ಸೋರಿ, ಕೂತವರು ಕೂತಲ್ಲೇ ನಿಧಾನಕ್ಕೆ ಕೆಳಗಿಳಿಯುತ್ತಿದ್ದರು. ನೊರೆ ಹಚ್ಚುವಾಗ ಕನ್ನಡಿಯಲ್ಲಿ ಪೂರ್ತಿ ಕಾಣುತ್ತಿದ್ದ ಮುಖ, ಕಿವಿಯ ಹತ್ತಿರ ಕತ್ತರಿ ಬರುವಷ್ಟರಲ್ಲಿ ಬರೀ ನೆತ್ತಿ ಆಗಿರುತ್ತಿತ್ತು. ಹೊಸ ಕುರ್ಚಿಗೆಂದು ಅವನು ದುಡ್ಡು ಕೂಡಿಡುತ್ತಿದ್ದ.

ಅಂಗಡಿಯ ಮೇಲೆ ಎರಡು ಕೋಣೆ. ಅಲ್ಲಿ ಅವನು, ಅವನ ಅತ್ತೆ ಮತ್ತು ಗುಂಡಿ ಎಂಬ ನಾಯಿ. ಮಗಳಿಗೆ, ಅಂದರೆ ಅವನ ಹೆಂಡತಿಗೆ, ಕಾಯಿಲೆಯಾದಾಗ ನೋಡಿಕೊಳ್ಳಲು ಬಂದ ಅತ್ತೆ, ಮಗಳು ತೀರಿಕೊಂಡ ಮೇಲೂ ಅಲ್ಲೇ ಉಳಿದರು. ಇರಿ ಎಂದು ಅವನು ಹೇಳಲಿಲ್ಲ, ಹೋಗುತ್ತೇನೆ ಎಂದು ಅವರೂ ಹೇಳಲಿಲ್ಲ. ಹೆಂಗಸು ಆಯಸ್ಸೆಲ್ಲ ಒಂದು ದೊಡ್ಡ ಹಾಸ್ಟೆಲಿನ ಲಾಂಡ್ರಿಯಲ್ಲಿ ದುಡಿದವರು. ಮಷೀನುಗಳ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಗಟ್ಟಿಯಾಗಿತ್ತು. ಅವರು ಮಾಳಿಗೆಯಲ್ಲಿ ಗುಟ್ಟು ಹೇಳಿದರೆ ಎದುರು ಮನೆಯಲ್ಲಿ ಕೂತ ನನಗೆ ಕೇಳಿಸುತ್ತಿತ್ತು. ತರಕಾರಿಯವನಿಂದ ಹಿಡಿದು ಪೋಸ್ಟಿನವನ ತನಕ ಎಲ್ಲರ ಜೊತೆ ಮಾತು, ಅಳಿಯನ ಜೊತೆ ಮಾತ್ರ ಇಲ್ಲ. ಜಗಳವೇನೂ ಆಗಿರಲಿಲ್ಲ. ಮಗಳಿದ್ದಾಗ ಅವಳೇ ಮಧ್ಯೆ ನಿಂತು ಇಬ್ಬರ ಮಾತನ್ನೂ ಅತ್ತಿಂದಿತ್ತ ದಾಟಿಸುತ್ತಿದ್ದಳು. ಅವಳು ಹೋದ ಮೇಲೆ ಆ ಕೆಲಸ ಗುಂಡಿಯ ಪಾಲಿಗೆ ಬಂತು.

"ಗುಂಡೀ, ಊಟ ತಣ್ಣಗಾಗ್ತಿದೆ ಅಂತ ಹೇಳೇ ಅವರಿಗೆ."

"ಗುಂಡೀ, ಬಂದೆ ಅನ್ನು."

ಗುಂಡಿ ಇಬ್ಬರ ಮುಖವನ್ನೂ ನೋಡಿ ಬಾಲ ಆಡಿಸುತ್ತಿದ್ದಳು. ಅವಳನ್ನು ಬೇಕರಿಯ ಹಿಂಬಾಗಿಲಿನಿಂದ ಮರಿಯಾಗಿದ್ದಾಗ ಎತ್ತಿಕೊಂಡು ಬಂದವಳು ಆ ಮಗಳೇ. ಬಿಳಿ ಮುಖದಲ್ಲಿ ಕೋಟಿಗೆ ಹೊಲಿದ ಗುಂಡಿಗಳ ಹಾಗೆ ಎರಡು ಕಪ್ಪು ಕಣ್ಣು. ಅದಕ್ಕೇ ಆ ಹೆಸರು.

ಒಂದು ವಾರ ಗುಂಡಿ ಮಂಕಾದಳು. ತಟ್ಟೆಗೆ ಮೂಗು ತಾಗಿಸಿ ವಾಪಸ್ ಬರುತ್ತಿದ್ದಳು, ನೀರನ್ನು ಮಾತ್ರ ಬಟ್ಟಲುಗಟ್ಟಲೆ ಕುಡಿಯುತ್ತಿದ್ದಳು. ಅತ್ತೆ ಹಾಲಿನಲ್ಲಿ ಬ್ರೆಡ್ಡು ನೆನೆಸಿ ಬಾಯಿಗೆ ಹಿಡಿದರೆ ಅವರ ಬೆರಳು ನೆಕ್ಕಿ ಮುಖ ತಿರುಗಿಸಿದಳು. ಅಂಗಡಿಯಲ್ಲಿ ಗಿರಾಕಿಗಳು ಒಬ್ಬೊಬ್ಬರು ಒಂದೊಂದು ಮದ್ದು ಹೇಳಿದರು. ಒಬ್ಬರು ನೋವಿನ ಮಾತ್ರೆ ಅರ್ಧ ಪುಡಿಮಾಡಿ ಕೊಡು ಎಂದರು. ಅವನು ಮೆಡಿಕಲ್ ಶಾಪಿಗೆ ಹೋಗಿ ಮಾತ್ರೆ ಕೇಳಿದ.

"ಯಾರಿಗೆ?" ಎಂದ ಅಂಗಡಿಯವನು.

"ನಾಯಿಗೆ."

ಅಂಗಡಿಯವನು ಮಾತ್ರೆಯನ್ನು ಕೌಂಟರಿನಿಂದ ಹಿಂದಕ್ಕೆಳೆದುಕೊಂಡ. "ಮನುಷ್ಯರ ನೋವಿನ ಮಾತ್ರೆ ನಾಯಿಗೆ ವಿಷ ಆಗ್ಬಹುದು, ಮಾರಾಯಾ. ಡಾಕ್ಟ್ರಿಗೆ ತೋರ್ಸು."

ಅವನಿಗೂ ಅದು ಗೊತ್ತಿತ್ತು. ಪ್ರಾಣಿಗಳ ಆಸ್ಪತ್ರೆ ಎರಡು ಬೀದಿ ಆಚೆ ಇತ್ತು. ಆ ಗಾಜಿನ ಬಾಗಿಲು ಕಂಡರೇ ಅವನು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದ. ಒಳಗೆ ಕಾಲಿಟ್ಟ ಮೇಲೆ ಎಷ್ಟು ಕೇಳುತ್ತಾರೋ, ತನ್ನ ಹತ್ತಿರ ಇಲ್ಲ ಎಂದು ಯಾವ ಬಾಯಿಂದ ಹೇಳುವುದೋ. ಬರಿಗೈಯಲ್ಲಿ ಹೊರಡಲು ನಾಚಿಕೆಯಾಗಿ ಒಂದು ಟೂತ್‌ಪೇಸ್ಟ್ ಕೊಂಡುಕೊಂಡು ಮನೆಗೆ ಬಂದ.

ಮರುದಿನ ಬೆಳಿಗ್ಗೆ ಗುಂಡಿಗೆ ಏಳಲಾಗಲಿಲ್ಲ. ಹೊಟ್ಟೆ ಊದಿತ್ತು, ಮಲಗಿದ್ದ ಚಾಪೆಯ ಮೇಲೆ ಕೆಟ್ಟ ವಾಸನೆಯ ಕಲೆ. ಅವನು ಕೆಳಗೆ ಬ್ರೆಡ್ ವ್ಯಾನಿನ ಡ್ರೈವರನಿಗೆ ಗಡ್ಡ ಹೆರೆಯುತ್ತಿದ್ದ. ಅತ್ತೆ ಮೆಟ್ಟಿಲಿಳಿದು ಬಂದು ಅಂಗಡಿಯ ಬಾಗಿಲಲ್ಲಿ ನಿಂತರು. ಅಲ್ಲಿಯ ತನಕ ಅವರು ಆ ಹೊಸ್ತಿಲು ತುಳಿದವರೇ ಅಲ್ಲ.

"ಕತ್ತಿ ಕೆಳಗಿಡಿ," ಎಂದರು ನೇರವಾಗಿ ಅವನಿಗೇ. "ಮೇಲೆ ಬಂದು ಅವಳನ್ನ ಎತ್ಕೊಳ್ಳಿ."

ಅವನು ಗಿರಾಕಿಯತ್ತ ನೋಡಿದ. ಡ್ರೈವರನ ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ತುಂಬ ನೊರೆ. ಅವನೇ ಎದ್ದು ನಿಂತ. "ನನ್ನ ಮುಖ ಎಲ್ಲೂ ಓಡಿಹೋಗಲ್ಲ. ವ್ಯಾನ್ ಹೊರಗೇ ಇದೆ, ನಡೀರಿ."

ಹಾಗೆ ಅರ್ಧ ನೊರೆಯ ಡ್ರೈವರ್ ಗಾಡಿ ಓಡಿಸಿದ, ಬಿಸಿ ಬ್ರೆಡ್ಡಿನ ಟ್ರೇಗಳ ನಡುವೆ ಅತ್ತೆ, ಅಳಿಯ ಕೂತರು, ಅಳಿಯನ ತೊಡೆಯ ಮೇಲೆ ಗುಂಡಿ.

ಡಾಕ್ಟರಮ್ಮ ನಡುವಯಸ್ಸಿನವರು, ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡೇ ಇರುವ ಹೆಂಗಸು. ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಇವರೆದುರು ಕೂತು ಹೇಳಿದರು. "ಗರ್ಭಕೋಶದಲ್ಲಿ ಕೀವು ತುಂಬಿದೆ. ಮರಿ ಆಗದ ಹಾಗೆ ಆಪರೇಷನ್ ಮಾಡಿಸದ ಹೆಣ್ಣುನಾಯಿಗಳಿಗೆ ವಯಸ್ಸಾದ ಮೇಲೆ ಇದು ಬರುತ್ತೆ. ಒಳಗೇ ಒಡೆದರೆ ಉಳಿಯಲ್ಲ. ಇವತ್ತೇ ತೆಗೀಬೇಕು."

ಖರ್ಚನ್ನೂ ಹೇಳಿದರು. ಹೊಸ ಕುರ್ಚಿಗೆ ಕೂಡಿಟ್ಟದ್ದನ್ನೆಲ್ಲ ಸುರಿದರೂ ಅದರ ಅರ್ಧಕ್ಕೆ ಬರುತ್ತಿರಲಿಲ್ಲ. ಅವನು ಗೋಡೆ ನೋಡುತ್ತ ನಿಂತ.

"ಆಗೋದೇ ಇಲ್ಲ ಅನ್ನೋದಾದರೆ," ಡಾಕ್ಟರಮ್ಮ ದನಿ ತಗ್ಗಿಸಿದರು, "ಇಂಜೆಕ್ಷನ್ ಕೊಟ್ಟು ನೋವಿಲ್ಲದೆ ಜೀವ ಹೋಗೋ ಹಾಗೆ ಮಾಡಬಹುದು. ಅದರಲ್ಲಿ ತಪ್ಪೇನಿಲ್ಲ. ಹೀಗೇ ಬಿಡೋದು ಮಾತ್ರ ಬೇಡ."

ಅವನು ಬಗ್ಗಿ ಗುಂಡಿಯ ಕೆಳಗೆ ಕೈ ಹಾಕಿದ. "ಮನೆಗೆ ಕರ್ಕೊಂಡು ಹೋಗ್ತೀವಿ," ಎಂದ. ಪಕ್ಕದಲ್ಲಿದ್ದವರಿಗಷ್ಟೇ ಕೇಳಿಸುವಂಥ ಸಣ್ಣ ದನಿ.

"ಎಲ್ಲಿಗೆ?" ಎಂದರು ಅತ್ತೆ. ಆ ಪ್ರಶ್ನೆ ಹೊರಗೆ ಕಾಯುತ್ತಿದ್ದವರಿಗೂ ಕೇಳಿಸಿತು. "ಮೇಜಿನ ಮೇಲೆ ಇಳಿಸಿ ಅವಳನ್ನ. ಡಾಕ್ಟ್ರಮ್ಮ, ನಮ್ಮ ಹತ್ರ ಅಷ್ಟಿಲ್ಲ. ಸ್ವಲ್ಪ ಇದೆ. ಈಗ ನೀವು ಹೇಳಿದ್ರಲ್ಲ, ಅದರಲ್ಲಿ ಯಾವುದು ಇಲ್ಲದಿದ್ರೆ ಇವಳು ಸಾಯ್ತಾಳೆ, ಯಾವುದು ಇಲ್ಲದಿದ್ರೂ ಬದುಕ್ತಾಳೆ? ಅದನ್ನ ಬಿಡಿಸಿ ಹೇಳಿ."

ಡಾಕ್ಟರಮ್ಮ ನಕ್ಕುಬಿಟ್ಟರು. "ಹೀಗೆ ಕೇಳೋರು ಕಡಿಮೆ," ಎಂದು ಒಂದೊಂದನ್ನೇ ಹೇಳತೊಡಗಿದರು. ರಕ್ತಪರೀಕ್ಷೆ ಒಂದು ಬೇಕೇ ಬೇಕು, ಇನ್ನೊಂದನ್ನು ಬಿಡಬಹುದು. ಒಂದು ರಾತ್ರಿ ಇಲ್ಲಿರಲೇಬೇಕು. ಆಮೇಲಿನ ಡ್ರೆಸಿಂಗು, ಮಾತ್ರೆ ಮನೆಯಲ್ಲೇ ಆಗುತ್ತೆ, ಗಾಯ ಶುಚಿಯಾಗಿ ಇಡೋಕೆ ಬಂದರೆ.

"ಶುಚಿ ನನಗೆ ಬಿಡಿ," ಎಂದರು ಅತ್ತೆ. "ಆಯಸ್ಸೆಲ್ಲ ಬಟ್ಟೆ ಕುದಿಸಿದೀನಿ."

ಅಷ್ಟರಲ್ಲಿ ಅಸಿಸ್ಟೆಂಟ್ ಹುಡುಗಿ ಡ್ರಿಪ್ ಹಾಕಲು ಗುಂಡಿಯ ಮುಂಗಾಲಿನ ಕೂದಲು ತೆಗೆಯಲು ಬಂದಳು. ಮಷೀನಿನ ಗುರ್ ಸದ್ದಿಗೆ ನಾಯಿ ಹಲ್ಲು ಕಿರಿಯಿತು. ಅವನು ಕೈ ಚಾಚಿದ. ಹುಡುಗಿ ಮಷೀನು ಕೊಟ್ಟಳು. ಎಡಗೈಯಿಂದ ಗುಂಡಿಯ ಕಿವಿಯ ಹಿಂದೆ ಸವರುತ್ತ, ಬಲಗೈಯಿಂದ ಒಂದು ಪಟ್ಟಿ ಕೂದಲು ನಯವಾಗಿ ತೆಗೆದ. ಗುಂಡಿ ಕಣ್ಣು ಮುಚ್ಚಿಕೊಂಡಳು.

"ಏನು ಕೆಲಸ ಮಾಡ್ತೀರಿ ನೀವು?" ಎಂದರು ಡಾಕ್ಟರಮ್ಮ.

"ಕ್ಷೌರ."

"ಇಲ್ಲಿ ಜಡೆಗಟ್ಟಿದ ನಾಯಿಗಳು ರಾಶಿ ಬರ್ತವೆ. ಕೂದಲು ಕತ್ತರಿಸೋನು ಕೆಲಸ ಬಿಟ್ಟುಹೋದ. ನಿಮಗೆ ವಾರದ ರಜೆ ಯಾವತ್ತು?"

ಅವನು ಬಾಯಿ ತೆರೆಯುವ ಮೊದಲೇ ಅತ್ತೆ ಅವನ ರಜೆಯನ್ನು ಕೊಟ್ಟಾಗಿತ್ತು. ಈಗ ಇದ್ದಷ್ಟು ಕಟ್ಟುವುದು, ಮಿಕ್ಕದ್ದು ಕೆಲಸದಲ್ಲಿ ತೀರಿಸುವುದು ಎಂದು ಮಾತಾಯಿತು.

ಆಪರೇಷನ್ ಮುಗಿಯಿತು, ಆದರೆ ಇನ್ನೂ ಏನೂ ಹೇಳಲಾಗದು ಎಂದರು. ಇಬ್ಬರೂ ನಡೆದುಕೊಂಡೇ ಮನೆಗೆ ಬಂದರು. ಅತ್ತೆ ಅಡುಗೆ ಮಾಡಿ ತಟ್ಟೆ ಇಟ್ಟು, ಅಭ್ಯಾಸದಂತೆ "ಗುಂಡೀ" ಎಂದವರು ಅಲ್ಲಿಗೇ ನಿಂತರು. ಕೋಣೆಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು.

"ಊಟ ಮಾಡ್ತೀರಾ?" ಎಂದರು ಕೊನೆಗೆ.

"ನೀವು?"

"ನಾನೂ ಕೂರ್ತೀನಿ."

ಇಬ್ಬರೂ ತಟ್ಟೆಯ ಮುಂದೆ ಕೂತರು. ಅವನೇ ಮಾತು ತೆಗೆದ. "ಅತ್ತೆ, ವಾಪಸ್ ಕರ್ಕೊಂಡು ಹೋಗ್ತೀವಿ ಅಂದೆನಲ್ಲ ಅಲ್ಲಿ. ಅವಳು ಸಾಯಲಿ ಅಂತಲ್ಲ. ದುಡ್ಡಿಲ್ಲ ಅನ್ನೋ ಮಾತು ಬಾಯಿಗೆ ಬರ್ಲಿಲ್ಲ."

ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನನ್ನ ಮಗಳ ಕಾಯಿಲೆಯಲ್ಲೂ ಆಸ್ಪತ್ರೆ ಕೌಂಟರಿನಲ್ಲಿ ಹೀಗೇ ಗೋಡೆ ನೋಡ್ತಾ ನಿಂತಿದ್ರಿ. ನಾನು ಬೇರೆ ಏನೋ ಅಂದ್ಕೊಂಡೆ."

"ಏನಂದ್ಕೊಂಡ್ರಿ?"

"ಕಲ್ಲು ಅಂತ."

ಅವನು ನಗಲು ಹೋದ. ನಗು ಅರ್ಧದಲ್ಲೇ ಮುರಿದು, ಆ ದೊಡ್ಡ ಗಂಡಸು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅತ್ತೆ ಎದ್ದುಹೋಗಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, ಬಂದು ಅವನ ಪಕ್ಕದಲ್ಲಿ ಕೂತರು. ಆಮೇಲೆ ಏನು ಮಾತಾಡಿದಿರಿ ಎಂದು ನಾನೊಮ್ಮೆ ಅತ್ತೆಯನ್ನು ಕೇಳಿದ್ದಕ್ಕೆ, "ಎಲ್ಲಾ," ಎಂದಷ್ಟೇ ಹೇಳಿದರು.

ಗುಂಡಿ ಮನೆಗೆ ಬಂದಳು. ಬಂದ ಮೇಲೂ ಜ್ವರ ಏರಿ, ಇನ್ನೇನು ಕೈ ತಪ್ಪಿತು ಎನ್ನುವಂತಾಗಿತ್ತು. ಡಾಕ್ಟರಮ್ಮ ಮಾತ್ರೆ ಬದಲಿಸಿದರು. ಹೊಲಿಗೆ ನೆಕ್ಕದಂತೆ ಕೊರಳಿಗೆ ಹಾಕುವ ಪ್ಲಾಸ್ಟಿಕ್ ಬುಟ್ಟಿಗೆ ಮತ್ತೆ ಖರ್ಚು ಯಾಕೆಂದು, ಗಿರಾಕಿಗಳಿಗೆ ಹೊದಿಸುವ ಬಟ್ಟೆಯೊಂದನ್ನು ಅವನು ಕತ್ತರಿಸಿದ. ಅತ್ತೆ ಅದಕ್ಕೆ ನಾಲ್ಕು ಕಾಲಿಗೆ ನಾಲ್ಕು ತೂತು ಬಿಟ್ಟು, ಬೆನ್ನ ಮೇಲೆ ಲಾಡಿ ಹೊಲಿದರು. ಡಾಕ್ಟರಮ್ಮ ನೋಡಿ, ಗಾಳಿಯಾಡುತ್ತೆ, ಸಾಕು ಎಂದರು. ನೀಲಿ ಪಟ್ಟೆಯ ಆ ಅಂಗಿ ತೊಟ್ಟು ಗುಂಡಿ ಅಂಗಡಿಯ ಮೂಲೆಯಲ್ಲಿ ಮಲಗಿದ್ದರೆ, ಅವಳ ಸರದಿ ಯಾವಾಗ ಎಂದು ಗಿರಾಕಿಗಳು ಕೇಳುತ್ತಿದ್ದರು. ಅವಳು ತಾನಾಗಿ ಎದ್ದು ಬ್ರೆಡ್ಡಿನ ತುಂಡು ಕಚ್ಚಿದ ದಿನ ಅತ್ತೆಯ ಕೂಗು ಬೀದಿಯ ತುದಿಯವರೆಗೆ ಹೋಯಿತು.

ರಜೆಯ ದಿನಗಳಲ್ಲಿ ಅವನು ಆಸ್ಪತ್ರೆಯಲ್ಲಿ ನಾಯಿಗಳ ಜಡೆ ಬಿಡಿಸಿದ. ಬೆಕ್ಕಿನಿಂದ ಪರಚಿಸಿಕೊಂಡ. ಒಂದು ಮುದಿ ನಾಯಿಯ ಕಣ್ಣ ಮೇಲಿನ ಕೂದಲು ತೆಗೆದಾಗ, ಅದು ತನ್ನ ಯಜಮಾನಿಯನ್ನೇ ಹೊಸಬಳೆಂದು ತಿಳಿದು ಬೊಗಳಿತಂತೆ. ಅಂಗಡಿಯಲ್ಲಿ ಒಬ್ಬರು ಕಾಲೆಳೆದರು. "ನಾಯಿಗೆ ಹಾಕೋ ಮಷೀನೇ ಅಲ್ಲ ತಾನೆ ನನ್ನ ತಲೆಗೆ?"

"ಅಲ್ಲ," ಎಂದ ಅವನು. "ನಾಯಿಗಳದು ಚೆನ್ನಾಗಿರೋ ಮಷೀನು."

ಅಂಗಡಿಯೆಲ್ಲ ಗೊಳ್ಳೆಂದಿತು. ಅವನು ಮಾತಾಡುತ್ತಾನೆ ಎನ್ನುವುದೇ ಬೀದಿಗೆ ದೊಡ್ಡ ಸುದ್ದಿಯಾಯಿತು.

ಬಾಕಿ ತೀರಿದ ಮೇಲೂ ಡಾಕ್ಟರಮ್ಮ ಅವನನ್ನು ಬಿಡಲಿಲ್ಲ, ಕೂಲಿ ಕೊಟ್ಟೇ ಕರೆಸಿಕೊಂಡರು. ಅವನ ಜೊತೆ ಅತ್ತೆಯೂ ಹೊರಡುತ್ತಾರೆ. ಅಲ್ಲಿ ಅವರಿಗೆ ಕೆಲಸವೇನೂ ಇಲ್ಲ. ಟವೆಲುಗಳನ್ನು ತಮ್ಮ ಪಾಡಿಗೆ ಮಡಚಿಡುತ್ತ ಬೆಂಚಿನ ಮೇಲೆ ಕೂರುತ್ತಾರೆ. ಒಳಗೆ ಹೋದವರೆಲ್ಲ ಪ್ರಾಣಿಯನ್ನು ಎತ್ತಿಕೊಂಡೇ ಹೊರಗೆ ಬರುವುದಿಲ್ಲ. ಹಾಗೆ ಬರಿಗೈಯಲ್ಲಿ ಬಂದವರ ಪಕ್ಕದಲ್ಲೂ ಅವರು ಕೂರುತ್ತಾರೆ. ಆಗ ಅವರ ಗಂಟಲು ಅಷ್ಟು ದೊಡ್ಡದಲ್ಲ.

ಹೋದ ವಾರ ನಾನೂ ಆ ದಾರಿಯಲ್ಲಿ ಹೋಗುತ್ತಿದ್ದೆ. ಗಾಜಿನ ಬಾಗಿಲ ಹೊರಗೆ ಒಬ್ಬ ಗಂಡಸು, ಗೋಡೆಗೆ ಸುಣ್ಣಬಣ್ಣ ಬಳಿಯುವವನಿರಬೇಕು, ಷರಟಿನ ತುಂಬ ಹಸಿರು ಚಿಕ್ಕೆ. ಎದೆಗೆ ಒಂದು ದಿಂಬಿನ ಚೀಲ ಅವಚಿಕೊಂಡು, ಬಾಗಿಲಿನ ತನಕ ಬಂದು ಮತ್ತೆ ಹಿಂದಕ್ಕೆ ಸರಿಯುತ್ತಿದ್ದ. ಬಾಗಿಲು ತೆರೆದು ಅತ್ತೆ ಹೊರಗೆ ಬಂದರು.

"ಏನಪ್ಪಾ, ಬೆಕ್ಕಾ?"

"ಹೌದಮ್ಮ. ನಿನ್ನೆಯಿಂದ ಉಚ್ಚೆ ಬಂದಿಲ್ಲ. ಕೂಗ್ತಾನೇ ಇದೆ." ಅವನು ಬಾಗಿಲಿನ ಕಡೆ ನೋಡಿದ. "ನನ್ನ ಹತ್ರ..."

"ಗೊತ್ತು. ಅದನ್ನೇ ಮೊದಲು ಡಾಕ್ಟ್ರಮ್ಮನಿಗೆ ಹೇಳು. ಇಷ್ಟಿದೆ, ಇಷ್ಟರಲ್ಲಿ ಏನಾಗುತ್ತೆ ಅಂತ ಕೇಳು. ಆಗುತ್ತೆ ಅಂತ ನಾನು ಮಾತು ಕೊಡಲ್ಲ. ಆದ್ರೆ ಬೆಕ್ಕಿಗೆ ಉಚ್ಚೆ ಕಟ್ಟಿದ್ರೆ ಕಾಯೋ ಹಾಗಿಲ್ಲ, ಹೊರಗೆ ನಿಂತು ಹೊತ್ತು ಕಳೀಬೇಡ. ನಿನಗೆ ಬಾಯಿ ಬರದಿದ್ರೆ ನಾನು ಕೇಳ್ತೀನಿ, ಬಾ."

ಅವನು ಕಾಲು ಒರೆಸಿಕೊಂಡ. ಅತ್ತೆ ಬಾಗಿಲನ್ನು ಬೆನ್ನಿನಿಂದ ಒತ್ತಿಹಿಡಿದು ದಾರಿ ಬಿಟ್ಟರು, ಅವನು ಚೀಲ ಅವಚಿಕೊಂಡು ಒಳಗೆ ಹೋದ.